ಮೂರು ಸಲ ಕೇಳುವ ಪುಟ

'ತಪ್ಪು ನಮ್ಮ ಕಡೆಯದಲ್ಲ' ಎನ್ನುವ ಮಾತನ್ನು ಸಿಟ್ಟಿಲ್ಲದೆ ಹೇಳುವುದು ಹೇಗೆಂದು ಅವಳು ಎದ್ದಾಗಿನಿಂದ ಯೋಚಿಸುತ್ತಿದ್ದಳು. ಹಲ್ಲುಜ್ಜುವಾಗ ಒಮ್ಮೆ ಹೇಳಿಕೊಂಡಳು, ಬೇಡಿಕೊಂಡಂತಾಯಿತು. ಬಸ್ಸಿನಲ್ಲಿ ಕಿಟಕಿಯ ಕಡೆ ತಿರುಗಿ ಇನ್ನೊಮ್ಮೆ ಹೇಳಿಕೊಂಡಾಗ ಪಕ್ಕದ ಹೆಂಗಸು 'ಏನಂದ್ರಿ?' ಎಂದು ಕೇಳಿದ್ದರಿಂದ, 'ಏನಿಲ್ಲ' ಎಂದು ಕೈಚೀಲದಲ್ಲಿ ಇಲ್ಲದ ಏನನ್ನೋ ಹುಡುಕತೊಡಗಿದಳು. ಈಗ ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಸರ್ವರ್‌ಗಳು ಒಂದೇ ಶ್ರುತಿಯಲ್ಲಿ ಗುಂಯ್‌ಗುಡುವ ತಣ್ಣನೆಯ ಕೋಣೆಯ ಪಕ್ಕದಲ್ಲಿ, ತನ್ನ ಮೇಜಿನ ಮುಂದೆ ಶಾಲು ಹೊದ್ದು ಕೂತಿರುವಾಗ ಆ ಮಾತು ಅಲ್ಲಾಡುವ ಹಲ್ಲಿನಂತಾಗಿತ್ತು. ಬೇಡವೆಂದರೂ ನಾಲಿಗೆ ಅಲ್ಲಿಗೇ ಹೋಗಿ ಮುಟ್ಟಿ ನೋಡುತ್ತಿತ್ತು. ಹನ್ನೊಂದಕ್ಕೆ ಮೀಟಿಂಗು. ಅಲ್ಲಿ 'ಆಯ್ತಲ್ಲ' ಬಂದಿರುತ್ತಾನೆ. ರಸ್ತೆಯಾಚೆಯ ದೊಡ್ಡ ಆಸ್ಪತ್ರೆಯ ಕಂಪ್ಯೂಟರ್ ವಿಭಾಗದ ಮುಖ್ಯಸ್ಥನಾದ ಅವನು ಯಾವ ಮಾತನ್ನೂ 'ಆಯ್ತಲ್ಲ' ಎನ್ನದೆ ಮುಗಿಸುವವನಲ್ಲ. ಆ ಹೆಸರಿಟ್ಟವಳು ಅವಳ ಅತ್ತಿಗೆ, ಈ ಆಸ್ಪತ್ರೆಯ ಡಯಾಲಿಸಿಸ್ ವಾರ್ಡಿನ ಹಿರಿಯ ನರ್ಸು. ಇಟ್ಟ ಮೇಲೆ ಅವನ ನಿಜವಾದ ಹೆಸರು ಈ ಕಟ್ಟಡದಲ್ಲಿ ಯಾರ ಬಾಯಿಗೂ ಬರಲಿಲ್ಲ.

ಹೋದ ವರ್ಷ ದೊಡ್ಡ ಆಸ್ಪತ್ರೆ ಈ ಚಿಕ್ಕದನ್ನು ತನ್ನೊಳಗೆ ಸೇರಿಸಿಕೊಂಡಿತ್ತು. ಬೋರ್ಡು ಬದಲಾಗಿತ್ತು, ನರ್ಸುಗಳ ಸಮವಸ್ತ್ರದ ಬಣ್ಣ ಬದಲಾಗಿತ್ತು. ಕಂಪ್ಯೂಟರ್‌ಗಳ ಲೋಕದಲ್ಲಿ ಮಾತ್ರ ಎರಡೂ ಇನ್ನೂ ಬೇರೆ ಬೇರೆ ಮನೆಗಳು, ಕಸುಬಿನ ಮಾತಿನಲ್ಲಿ ಎರಡು ಡೊಮೈನ್‌ಗಳು. ಇಲ್ಲಿಯ ಸರ್ವರ್‌ಗೆ ಇಲ್ಲಿಯವರ ಗುರುತು, ಅಲ್ಲಿಯದಕ್ಕೆ ಅಲ್ಲಿಯವರ ಗುರುತು. ಒಂದರ ಮಾತನ್ನು ಇನ್ನೊಂದು ನಂಬಬೇಕೆಂದು ಇಲ್ಲಿಯ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುವ ಅವಳೂ ಆಯ್ತಲ್ಲನೂ ಕೂತು ಏರ್ಪಾಡು ಮಾಡಿಯಾಗಿತ್ತು. ಬೆಳಿಗ್ಗೆ ಒಂದು ಸಲ ಲಾಗಿನ್ ಆದರೆ ಸಂಜೆಯವರೆಗೂ ಎರಡೂ ಕಡೆಯ ಒಳಪುಟಗಳು ಏನನ್ನೂ ಕೇಳದೆ ತೆರೆಯಬೇಕು. ರಜೆಯ ಪುಟ ತೆರೆಯುತ್ತಿತ್ತು, ಫೈಲುಗಳು ತೆರೆಯುತ್ತಿದ್ದವು. ಲ್ಯಾಬಿನ ವರದಿ ಪುಟವೊಂದು ಮಾತ್ರ, ಎಲ್ಲಕ್ಕಿಂತ ಬೇಕಾಗಿದ್ದುದು, ಇಲ್ಲಿಯವರು ಯಾರೇ ಹೋದರೂ ಹೆಸರು, ಪಾಸ್‌ವರ್ಡ್ ಕೇಳುತ್ತಿತ್ತು. ಕೊಟ್ಟರೆ ಮತ್ತೆ ಕೇಳುತ್ತಿತ್ತು. ಮೂರನೆಯ ಸಲವೂ ಕೇಳಿ, ಬಿಳಿಯ ಪರದೆಯ ಮೇಲೆ 'ನಿಮಗೆ ಪ್ರವೇಶವಿಲ್ಲ' ಎಂದು ತೋರಿಸಿ ಸುಮ್ಮನಾಗುತ್ತಿತ್ತು. ಅಲ್ಲಿಯವರಿಗೆ ಅದೇ ಪುಟ ನೀರು ಕುಡಿದಷ್ಟು ಸಲೀಸು. ಹೋದ ಮೀಟಿಂಗಿನಲ್ಲಿ ಆಯ್ತಲ್ಲ ತನ್ನ ಕಡೆ ಎಲ್ಲ ಹಸಿರಾಗಿದೆಯೆಂದು ಪರದೆ ತಿರುಗಿಸಿ ತೋರಿಸಿ, 'ನಿಮ್ಮವರಿಗೆ ಬೆರಳು ನೋಡ್ಕೊಂಡು ಪಾಸ್‌ವರ್ಡ್ ಹೊಡಿಯೋಕೆ ಹೇಳಿ ಮೇಡಂ, ಆಯ್ತಲ್ಲ' ಎಂದಿದ್ದ. ಸುತ್ತ ಕೂತವರು ನಕ್ಕರು. ಅವಳೂ ನಕ್ಕಳು. ಅವನ ಮಾತು ಮರೆತುಹೋಗುತ್ತಿತ್ತೇನೋ. ತಾನು ನಕ್ಕದ್ದು ಮರೆಯುತ್ತಿರಲಿಲ್ಲ, ಏಕೆಂದರೆ ಬಾಗಿಲ ಪಕ್ಕದಲ್ಲಿ ಕೂತ ಅತ್ತಿಗೆ ಅದನ್ನು ನೋಡಿದ್ದಳು. ಅವತ್ತು ಸಂಜೆ ಅತ್ತಿಗೆಯ ಹಿಂದೆಯೇ ಬಸ್‌ಸ್ಟಾಪಿನವರೆಗೆ ಹೋಗಿ, 'ತಪ್ಪು ನಮ್ಮ ಕಡೆಯದಲ್ಲ ಅತ್ತಿಗೆ, ಬೇಕಾದ್ರೆ ಆಣೆ ಮಾಡ್ತೀನಿ' ಎಂದಿದ್ದಳು. ಆ ಬಲದ ಮೇಲೆ ಅತ್ತಿಗೆ ಲ್ಯಾಬಿನವರ ಜೊತೆ ಜಗಳವಾಡಿದಳು, ಡಾಕ್ಟರುಗಳ ಜೊತೆ ಜಗಳವಾಡಿದಳು, ಲಿಫ್ಟಿನಲ್ಲಿ ಸಿಕ್ಕ ಆಯ್ತಲ್ಲನನ್ನೂ ಬಿಡಲಿಲ್ಲ. ಅದರ ಫಲ ಇವತ್ತಿನ ಮೀಟಿಂಗು. ಇಲ್ಲಿಯ ಎಲ್ಲರ ಹೆಸರನ್ನೂ ತೆಗೆದುಹಾಕಿ, ದೊಡ್ಡ ಆಸ್ಪತ್ರೆಯ ಡೊಮೈನಿನಲ್ಲಿ ಅವರಿಗೆ 'ಅತಿಥಿ' ಎಂಬ ಹಣೆಪಟ್ಟಿಯ ಹೊಸ ಲಾಗಿನ್ ಕೊಡುವುದು, ನೆಲಮಾಳಿಗೆಯ ಈ ಕೋಣೆಗೆ ಬೀಗ ಹಾಕುವುದು. ತೀರ್ಮಾನ ಆಗಿಯೇ ಹೋಗಿದೆ, ತಲೆಯಾಡಿಸುವುದಷ್ಟೇ ಬಾಕಿ ಎಂದು ಎಲ್ಲರೂ ಆಡಿಕೊಳ್ಳುತ್ತಿದ್ದರು. 'ಇಷ್ಟು ವರ್ಷ ದುಡಿದು ಈಗ ಅತಿಥಿ ಆದೆ ನೋಡು. ಕೂರಿಸಿ ಕಾಫಿ ಕೊಡ್ತಾರಂತಾ?' ಎಂದು ಅತ್ತಿಗೆ ಕೇಳಿದ್ದಳು.

ಫೋನು ಹೊಡೆದುಕೊಂಡಿತು. ಅತ್ತಿಗೆಯೇ.

'ಮೇಲೆ ಬಾ. ನಿನ್ನ ಪುಟ ನನ್ನನ್ನ ಮತ್ತೆ ಯಾರು ನೀನು ಅಂತಿದೆ.'

'ನನ್ನ ಪುಟ ಅಲ್ಲ ಅತ್ತಿಗೆ ಅದು.'

'ಯಾರ್ದಾದ್ರೂ ಆಗ್ಲಿ. ಮೇಷ್ಟ್ರು ಬಂದಿದಾರೆ. ಮುಖ ಯಾಕೋ ಸರಿ ಕಾಣ್ತಿಲ್ಲ.'

ವಾರ್ಡಿನಲ್ಲಿ ಸ್ಪಿರಿಟ್ಟಿನ ವಾಸನೆ, ಯಂತ್ರಗಳ ಮೆಲ್ಲಗಿನ ಟಿಕ್‌ಟಿಕ್, ಒರಗುಕುರ್ಚಿಗಳಲ್ಲಿ ಕಂಬಳಿ ಹೊದ್ದ ಜನ. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಮೇಷ್ಟ್ರು, ಅವರ ಕಣ್ಣ ಕೆಳಗೆ ಬೂದಿ ಬಳಿದ ಹಾಗೆ. ಶಾಲೆ ಬಿಟ್ಟು ಎಷ್ಟೋ ವರ್ಷವಾಗಿದ್ದರೂ ಯಾರು ಹತ್ತಿರ ಬಂದರೂ ಹಾಜರಿ ಕರೆಯುವವರಂತೆ ಕನ್ನಡಕದ ಮೇಲಿನಿಂದ ನೋಡುತ್ತಿದ್ದವರು ಇವತ್ತು ನೋಡಲಿಲ್ಲ. ರಕ್ತ ತೆಗೆದು ರಸ್ತೆಯಾಚೆಯ ಲ್ಯಾಬಿಗೆ ಕಳಿಸಿ ಆಗಿತ್ತು, ಅದರಲ್ಲಿ ಪೊಟ್ಯಾಸಿಯಂ, ಆರು ದಾಟಿದರೆ ಎದೆಬಡಿತಕ್ಕೇ ಅಪಾಯವಾದದ್ದು, ಎಷ್ಟಿದೆ ಎಂಬುದರ ಮೇಲೆ ಯಂತ್ರಕ್ಕೆ ಹಾಕುವ ದ್ರವ, ಅವಸರ, ಎಲ್ಲ ನಿಂತಿತ್ತು. ಲ್ಯಾಬಿನ ಫೋನು ಎಂಗೇಜು. ಒಬ್ಬರನ್ನು ರಸ್ತೆಯಾಚೆಗೆ ಓಡಿಸಿಯೂ ಆಗಿತ್ತು. ಫೋನು ಸಿಕ್ಕಿದ್ದರೂ ಅತ್ತಿಗೆ ಅದನ್ನು ನಂಬುತ್ತಿರಲಿಲ್ಲ. ಹೋದ ವಾರ ಇನ್ನೊಬ್ಬ ರೋಗಿಯದು ಆರೂವರೆ ಎಂದು ಆ ಕಡೆಯವರು ಅಂದದ್ದು ಈ ಕಡೆ ಮೂರೂವರೆ ಎಂದು ಕೇಳಿಸಿತ್ತು. ರೋಗಿಯ ಮುಖ ನೋಡಿ ಅನುಮಾನ ಬಂದು ತಿರುಗಿ ಫೋನು ಮಾಡಿ ಕೇಳಿರದಿದ್ದರೆ ಏನಾಗುತ್ತಿತ್ತೆಂದು ಅತ್ತಿಗೆ ಬಾಯಿಬಿಟ್ಟು ಹೇಳಿರಲಿಲ್ಲ. ಅವತ್ತು ಊಟದ ಡಬ್ಬಿ ತೆರೆಯದೆ ಮನೆಗೆ ತೆಗೆದುಕೊಂಡು ಹೋಗಿದ್ದಳು, ಅಷ್ಟೇ.

ಅತ್ತಿಗೆ ಕುರ್ಚಿ ಬಿಟ್ಟುಕೊಟ್ಟಳು. ಅವಳು ತನ್ನ ಹೆಸರಿನಲ್ಲಿ ಲಾಗಿನ್ ಆಗಿ ವರದಿ ಪುಟವನ್ನು ಕರೆದಳು. ಪುಟ ಕೇಳಿತು, ಕೊಟ್ಟಳು. ಮತ್ತೆ ಕೇಳಿತು. ಬೆನ್ನ ಹಿಂದೆ ಅತ್ತಿಗೆಯ ಉಸಿರು. ಮೂರನೆಯ ಸಲ ಆ ಪುಟ್ಟ ಚೌಕ ಎದ್ದುಬಂದಾಗ ಅವಳಿಗೆ ಚಿಕ್ಕಂದಿನ ಒಂದು ಬಾಗಿಲು ನೆನಪಾಯಿತು. ಅದರ ಸಂದಿಯಲ್ಲಿ ದೊಡ್ಡಪ್ಪನ ಮನೆಯ ಹೊಸ ಸೊಸೆಯ ಅರ್ಧ ಮುಖ ಕಂಡಿತು, ಚಿಲಕದ ಸರಪಳಿ ಆ ಮುಖದ ಮೇಲೆ ಅಡ್ಡ ಬಿದ್ದಿತ್ತು, ಯಾರು ಎಂದು ಕೇಳುತ್ತಿದ್ದಳು. ಒಂಬತ್ತು ವರ್ಷದವಳು ತನ್ನ ಹೆಸರು ಹೇಳಿದಳು. ಯಾರ ಮಗಳು? ಅಪ್ಪನ ಹೆಸರು ಹೇಳಿದಳು. ಒಳಗಿನಿಂದ ದೊಡ್ಡಪ್ಪನ ಕೆಮ್ಮು ಕೇಳುತ್ತಿತ್ತು, ಒಂದು ಸಲ ಕೂಗಿದ್ದರೆ ಅವರೇ ಬರುತ್ತಿದ್ದರು. ಯಾರು ಬೇಕಿತ್ತು ಎಂದು ಆ ಸೊಸೆ ಮೂರನೆಯದನ್ನು ಕೇಳಿದಾಗ ಬಾಯಿ ಕಟ್ಟಿಹೋಯಿತು. ಅಮ್ಮ ತರಲು ಹೇಳಿದ್ದನ್ನು ತರದೆ ಮನೆಗೆ ಹೋಗಿ, ಅಲ್ಲಿ ಯಾರೂ ಇರಲಿಲ್ಲ ಎಂದು ಸುಳ್ಳು ಹೇಳಿದಳು. ಅಮ್ಮ ನಂಬಿದಳು. 'ನಿಮಗೆ ಪ್ರವೇಶವಿಲ್ಲ' ಎಂದಿತು ಪುಟ.

'ನೋಡ್ದ್ಯಾ?' ಎಂದಳು ಅತ್ತಿಗೆ, ತನ್ನದೇನೂ ತಪ್ಪಿಲ್ಲವೆಂದು ತೋರಿಸಿಕೊಟ್ಟವಳಂತೆ.

ಯಾಕೆ ಹೊಳೆಯಿತೋ, ಕೂಗಿದ್ದರೆ ದೊಡ್ಡಪ್ಪ ಬರುತ್ತಿದ್ದರು ಎಂಬುದು ಇನ್ನೂ ತಲೆಯಲ್ಲಿ ಉಳಿದಿತ್ತೋ ಏನೋ, ಅವಳು ವಿಳಾಸದ ಪಟ್ಟಿಯಲ್ಲಿ ಪುಟದ ಹೆಸರನ್ನು ಅಳಿಸಿ ಅದೇ ಸರ್ವರಿನ ನೆಟ್‌ವರ್ಕ್ ನಂಬರನ್ನು ಹೊಡೆದಳು. ಪುಟ ಒಂದೇ ಸಲ ಪಾಸ್‌ವರ್ಡ್ ಕೇಳಿತು. ತೆರೆಯಿತು. ಅತ್ತಿಗೆ ಮುಂದೆ ಬಾಗಿದಳು. ಮೇಷ್ಟ್ರ ವರದಿಯನ್ನು ಒತ್ತಿದ ಕೂಡಲೇ ಪುಟ ತನ್ನ ಹೆಸರಿಗೆ ಮರಳಿ, ಅದೇ ಚೌಕ ಎದ್ದುಬಂದಿತು. ಅತ್ತಿಗೆ ಏನೋ ಬೈದಳು. ಆದರೆ ಅವಳಿಗೆ ಆ ಬೈಗುಳ ಕೇಳಿಸಲಿಲ್ಲ. ನಂಬರಿನಿಂದ ಹೋದರೆ ಸರ್ವರ್ ಪಾಸ್‌ವರ್ಡ್ ನೋಡಿ ಒಳಗೆ ಬಿಡುತ್ತದೆ; ಹಾಗಾದರೆ ಪಾಸ್‌ವರ್ಡ್ ಸರಿಯಿದೆ, ಎರಡು ಮನೆಗಳ ನಡುವಿನ ನಂಬಿಕೆ ಸರಿಯಿದೆ, ತಾನು ಯಾರೆಂದು ಆ ಕಡೆಗೆ ಗೊತ್ತಿದೆ. ಹೆಸರಿನಿಂದ ಹೋದಾಗ ಮಾತ್ರ ಪಾಸ್‌ವರ್ಡಿನ ಬದಲು ಟಿಕೆಟ್ಟು ಬೇಕು, ನಮ್ಮ ಡೊಮೈನಿನ ಸರ್ವರ್ 'ಇವಳು ನಮ್ಮವಳು' ಎಂದು ಹೇಳಿ, ಆ ಡೊಮೈನಿನ ಸರ್ವರ್ ಮುದ್ರೆಯೊತ್ತಿ ಕೊಡುವ ಟಿಕೆಟ್ಟು. ಎಡವಟ್ಟು ಆ ಟಿಕೆಟ್ಟಿನಲ್ಲಿದೆ.

'ಹತ್ತು ನಿಮಿಷ ಕೊಡಿ ಅತ್ತಿಗೆ.'

'ನನ್ನನ್ನ ಯಾಕೆ ಕೇಳ್ತೀಯಾ, ಅವರ ಎದೆಯನ್ನ ಕೇಳು' ಎಂದು ಅತ್ತಿಗೆ ಮೇಷ್ಟ್ರ ಕಡೆ ಕಣ್ಣು ತೋರಿಸಿದಳು.

ನೆಲಮಾಳಿಗೆಯಲ್ಲಿ ತನ್ನ ಲ್ಯಾಪ್‌ಟಾಪಿನ ಬಳಿ ಇರುವ ಟಿಕೆಟ್ಟುಗಳನ್ನು ಪರದೆಗೆ ತರಿಸಿದಳು. ಇದನ್ನು ಈ ವಾರದಲ್ಲಿ ಎಷ್ಟು ಸಲ ತರಿಸಿದ್ದಳೋ. ವರದಿ ಪುಟದ ಟಿಕೆಟ್ಟು ಅಲ್ಲಿ ಇದ್ದೇ ಇತ್ತು. ಪ್ರತಿಸಲವೂ ಅದನ್ನು ಕಂಡು ಸಮಾಧಾನವಾಗಿ, ನಮ್ಮ ಕಡೆಯಿಂದ ಟಿಕೆಟ್ಟು ಹೊರಟಿದೆ, ಇನ್ನು ಅವರು ನೋಡಿಕೊಳ್ಳಲಿ ಎಂದು ಪರದೆ ಮುಚ್ಚಿದ್ದಳು. ಇವತ್ತು ಮುಚ್ಚಲಿಲ್ಲ. ಸಾಲಿನ ಮೇಲೆ ಬೆರಳಿಟ್ಟು ಅಕ್ಷರ ಕಲಿಯುವವಳಂತೆ ಓದುತ್ತ ಹೋದಳು. ಪುಟದ ಹೆಸರು ಸರಿ. ಸಮಯ ಸರಿ. ಸಾಲಿನ ಕೊನೆಯಲ್ಲಿ ಮುದ್ರೆಯೊತ್ತಿದ ಡೊಮೈನಿನ ಹೆಸರು. ಅಲ್ಲಿ ದೊಡ್ಡ ಆಸ್ಪತ್ರೆಯ ಹೆಸರಿರಬೇಕಿತ್ತು. ಇದ್ದದ್ದು ಇವರದೇ ಹೆಸರು. ಬೆರಳು ಅಲ್ಲೇ ನಿಂತಿತು. ಆಚೆ ಮನೆಗೆ ಕೇಳಿಕೊಂಡು ಹೋಗು ಎಂದು ಕಳಿಸಬೇಕಾಗಿದ್ದ ತಮ್ಮ ಸರ್ವರ್, ಯಾರನ್ನೂ ಕೇಳದೆ ತಾನೇ ಮುದ್ರೆಯೊತ್ತಿ ಕೊಡುತ್ತಿತ್ತು. ಆ ಟಿಕೆಟ್ಟನ್ನು ಆ ಕಡೆಯ ಪುಟ ಬಿಚ್ಚಿ ನೋಡಲಾರದೆ, ಪಾಪ, ಯಾರು ನೀನು ಯಾರು ನೀನು ಎಂದು ಕೇಳುತ್ತಿತ್ತು. ತಮ್ಮ ಸರ್ವರ್ ಹಾಗೇಕೆ ಮಾಡುತ್ತದೆ? ಆ ಹೆಸರಿನ ಪುಟ ತನ್ನ ಮನೆಯಲ್ಲೇ ಇದೆ ಎಂದು ಅದು ತಿಳಿದಿದ್ದರೆ.

ಹುಡುಕಿದಳು. ಇತ್ತು. ಎರಡು ಆಸ್ಪತ್ರೆ ಸೇರುವ ಮೊದಲು ವರದಿ ಪುಟವನ್ನು ಪರೀಕ್ಷೆಗೆಂದು ಕೆಲವು ದಿನ ಇಲ್ಲಿಯ ಒಂದು ಯಂತ್ರದಲ್ಲಿ ಓಡಿಸಿದ್ದರು. ಯಂತ್ರ ಗುಜರಿಗೆ ಹೋಗಿತ್ತು. ಪುಟ ಆ ಕಡೆಗೆ ಹೋಗಿತ್ತು. ಹೆಸರು ಮಾತ್ರ ಇಲ್ಲಿಯ ಒಂದು ಖಾತೆಗೆ ಅಂಟಿಕೊಂಡು ಉಳಿದಿತ್ತು, ಸತ್ತವರ ಹೆಸರು ಮತದಾರರ ಪಟ್ಟಿಯಲ್ಲಿ ಉಳಿಯುವ ಹಾಗೆ. 'ಸಿಕ್ತು' ಎಂದು ಅವಳು ಮೇಜು ತಟ್ಟಿದಳು. ಮರುಕ್ಷಣವೇ ಬಸ್‌ಸ್ಟಾಪಿನಲ್ಲಿ ಅತ್ತಿಗೆಯ ಮುಂದೆ ನಿಂತು ಆಣೆ ಮಾಡುತ್ತೇನೆಂದ ತನ್ನ ದನಿ ಕಿವಿಗೆ ಬಂದು ಮುಖ ಬಿಸಿಯಾಯಿತು. ತಪ್ಪು ನಮ್ಮ ಕಡೆಯದೇ. ಲಿಫ್ಟಿನಲ್ಲಿ ಅತ್ತಿಗೆ ಆಡಿದ ಅಷ್ಟೂ ಮಾತು ತನ್ನ ಬಾಯಿಂದ ಎರವಲು ಹೋದದ್ದು. ಈಗ ಆ ಹೆಸರನ್ನು ಸದ್ದಿಲ್ಲದೆ ಅಳಿಸಿಬಿಟ್ಟರೆ? ಪುಟ ತೆರೆದುಕೊಳ್ಳುತ್ತದೆ. ಮೀಟಿಂಗಿನಲ್ಲಿ ಹುಬ್ಬೇರಿಸಿ, 'ಇವತ್ತು ತೆರೀತಿದೆ ಸಾರ್, ನಿಮ್ಮ ಕಡೆ ಏನಾದ್ರೂ ಮಾಡಿದ್ರಾ?' ಎಂದರೆ ಸಾಕು, ಅನುಮಾನ ತಾನಾಗಿಯೇ ಆಯ್ತಲ್ಲನ ಮಡಿಲಿಗೆ ಹೋಗಿ ಕೂರುತ್ತದೆ. ಅತ್ತಿಗೆಯ ಮಾನ ಉಳಿಯುತ್ತದೆ, ತನ್ನದೂ. ಮನೆಯಲ್ಲಿ ಯಾರೂ ಇರಲಿಲ್ಲ ಎಂದಷ್ಟೇ ಸುಲಭ. ಅವಳು ಅಳಿಸುವ ಗುಂಡಿಯವರೆಗೂ ಹೋದಳು. ಆಗ, ಹಾಗೆ ಉಳಿದ ಹೆಸರು ಇದೊಂದೇ ಇರುತ್ತದೆಯೇ ಎಂಬ ಪ್ರಶ್ನೆ ಹುಟ್ಟಿತು. ಮತ್ತೆ ಹುಡುಕಿದಳು. ಔಷಧಿ ಉಗ್ರಾಣದ ಪುಟದ ಹೆಸರಿತ್ತು, ಅದರ ಕೆಳಗೆ ರಕ್ತನಿಧಿಯದು. ಆ ಎರಡು ಪುಟಗಳೂ ಮುಂದಿನ ತಿಂಗಳು ಆ ಕಡೆಗೆ ಹೋಗಲಿದ್ದವು. ರಕ್ತ ಬೇಕಾದ ಹೊತ್ತಿನಲ್ಲಿ ಆ ಪುಟ ನರ್ಸೊಬ್ಬಳನ್ನು ಮೂರು ಸಲ ಯಾರು ಎಂದು ಕೇಳುವುದನ್ನು ಅವಳು ಕಣ್ಣೆದುರು ಕಂಡಳು. ಇದನ್ನು ಮುಚ್ಚಿಟ್ಟುಕೊಂಡು ಒಬ್ಬಳೇ ಸರಿಮಾಡಲಾಗದು, ಆ ಕಡೆಯವರೂ ತಮ್ಮ ಮನೆ ಗುಡಿಸಬೇಕು, ಅದಕ್ಕೆ ಅವರಿಗೆ ಹೇಳಬೇಕು. ಫೋನು ಹೊಡೆದುಕೊಂಡಿತು. ಮೀಟಿಂಗು ಬೇಗ ಶುರುವಾಗಿದೆ, ಎಲ್ಲಿದ್ದೀರಿ ಎಂದಿತು ಒಂದು ದನಿ. ಲ್ಯಾಪ್‌ಟಾಪನ್ನು ತೆರೆದೇ ಎದೆಗಪ್ಪಿಕೊಂಡು ಅವಳು ಹೊರಟಳು.

ಉದ್ದ ಮೇಜಿನ ತುದಿಯಲ್ಲಿ ನಿರ್ದೇಶಕರು, ಮೊದಲು ಮಕ್ಕಳ ಡಾಕ್ಟರಾಗಿದ್ದವರು, ಯಾರು ಮಾತಾಡಿದರೂ ಮಗುವಿನ ಎದೆ ಬಡಿತ ಕೇಳುವವರಂತೆ ತಲೆ ವಾರೆ ಮಾಡುತ್ತಿದ್ದರು. ಆಯ್ತಲ್ಲ ಗೋಡೆಯ ಮೇಲಿನ ಪರದೆಯಲ್ಲಿ 'ಅತಿಥಿ' ಲಾಗಿನ್ನಿನ ನಕ್ಷೆ ತೋರಿಸುತ್ತಿದ್ದ. 'ಮುಂದಿನ ವಾರದೊಳಗೆ ಎಲ್ಲರಿಗೂ ಹೊಸ ಹೆಸರು, ಆಯ್ತಲ್ಲ.' ಅವಳು ಕೂರಲಿಲ್ಲ. ಕೂತರೆ ಏಳಲಾರೆನೇನೋ ಅನ್ನಿಸಿತು.

'ಡಾಕ್ಟ್ರೇ, ಎರಡು ನಿಮಿಷ. ವರದಿ ಪುಟದ ತೊಂದ್ರೆ ಏನು ಅಂತ ಗೊತ್ತಾಗಿದೆ.' ಲ್ಯಾಪ್‌ಟಾಪನ್ನು ಮೇಜಿನ ಮೇಲಿಟ್ಟಳು. 'ತಪ್ಪು ನಮ್ಮ ಕಡೇದು.'

ಆಯ್ತಲ್ಲ ಬಾಯಿ ತೆರೆದವನು ತನ್ನ ಪದ ಸಿಗದೆ ಹಾಗೇ ನಿಂತ. ಅವಳು ಹಳೆಯ ಪರೀಕ್ಷೆ, ಗುಜರಿಗೆ ಹೋದ ಯಂತ್ರ, ಉಳಿದ ಹೆಸರು, ತಪ್ಪು ಮುದ್ರೆ ಎಲ್ಲವನ್ನೂ ಹೇಳಿದಳು. ಇಷ್ಟು ದಿನ ಆ ಸಾಲಿನ ಬಾಲ ತಾನೇ ಓದಿರಲಿಲ್ಲವೆಂಬುದನ್ನೂ ಹೇಳಿದಳು. 'ಪಾಸ್‌ವರ್ಡ್ ಯಾರೂ ತಪ್ಪು ಹೊಡೆದಿಲ್ಲ. ನಮ್ಮ ನರ್ಸುಗಳ ಬೆರಳು ಸರಿಯಾಗೇ ಇದೆ.' ಈ ಸಲ ಯಾರೂ ನಗಲಿಲ್ಲ.

'ಸರಿಮಾಡಿ ನೋಡಿದ್ರಾ?' ನಿರ್ದೇಶಕರು ಕೇಳಿದರು.

'ಇಲ್ಲ. ನಿಮ್ಮ ಮುಂದೇನೇ ಮಾಡ್ತೀನಿ.'

ಹೇಳಿದ ಮೇಲೆ ಭಯವಾಯಿತು. ಒಪ್ಪಿಕೊಂಡೂ ಆಗಿ, ಪುಟವೂ ತೆರೆಯದಿದ್ದರೆ ಇತ್ತ ದರಿ ಅತ್ತ ಪುಲಿ. ನಿರ್ದೇಶಕರು ತಲೆಯಾಡಿಸಿದರು. ಅವಳು ಆ ಹೆಸರನ್ನು ಅಳಿಸಿದಳು, ಅಳಿಸಿದ ಸುದ್ದಿ ತಮ್ಮ ಇನ್ನೊಂದು ಸರ್ವರಿಗೂ ತಲುಪುವವರೆಗೆ ಕಾದಳು. ಮೇಜಿನ ಮೇಲಿದ್ದ ಸ್ಪೀಕರ್ ಫೋನು ಆಯ್ತಲ್ಲನ ಮೊಣಕೈ ಪಕ್ಕದಲ್ಲಿತ್ತು. ಅವನೇ ಅದನ್ನು ಅವಳ ಕಡೆ ತಳ್ಳಿದ. ವಾರ್ಡಿನ ನಂಬರು ಒತ್ತಿದಳು.

'ಅತ್ತಿಗೆ, ಒಂದ್ಸಲ ಲಾಗೌಟ್ ಆಗಿ, ಮತ್ತೆ ಲಾಗಿನ್ ಆಗಿ, ವರದಿ ಪುಟ ತೆಗೀರಿ.'

'ತೆಗೀತೀನಿ ಇರು. ಲ್ಯಾಬಿಗೆ ಓಡಿಸಿದವರು ಇನ್ನೂ ಪತ್ತೆ ಇಲ್ಲ. ಏನಂತಾನೆ ನಿಮ್ಮ ಆಯ್ತಲ್ಲ? ಇನ್ನೂ ಬೆರಳು ನೋಡ್ತಾ ಕೂತಿದಾನಾ?'

ಯಾರೋ ಕೆಮ್ಮಿದರು. ನಿರ್ದೇಶಕರು ಮೇಜಿನ ಮೇಲಿನ ಪೆನ್ನನ್ನು ತುಂಬ ಆಸ್ಥೆಯಿಂದ ನೋಡತೊಡಗಿದರು. ಆಯ್ತಲ್ಲನ ಕಿವಿ ಕೆಂಪಾಯಿತು. ಅವಳಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಫೋನಿನಲ್ಲಿ ಕೀಬೋರ್ಡಿನ ಸದ್ದು, ಯಂತ್ರಗಳ ಟಿಕ್‌ಟಿಕ್, ದೂರದಲ್ಲಿ ಯಾರೋ ನೀರು ಕೇಳಿದ್ದು.

'ಅಯ್ಯೋ' ಎಂದಳು ಅತ್ತಿಗೆ, ಮೆಲ್ಲಗೆ.

'ಏನಾಯ್ತು?'

'ಏನೂ ಕೇಳ್ಲೇ ಇಲ್ಲ ಕಣೇ. ಸೀದಾ ಒಳಗೆ ಬಿಡ್ತು. ಮೇಲ್ಗಡೆ ನನ್ನ ಹೆಸರು ಬಂದಿದೆ.' ಆಮೇಲೆ ದನಿ ಬದಲಾಯಿತು. 'ಮೇಷ್ಟ್ರದ್ದು ಆರು ಪಾಯಿಂಟ್ ಒಂಬತ್ತು. ಡಾಕ್ಟ್ರನ್ನ ಕರೀರಿ, ಯಂತ್ರ ಹಾಕೋಣ, ಬೇಗ.' ರಿಸೀವರನ್ನು ಎಲ್ಲೋ ಇಟ್ಟ ಸದ್ದು. ಆ ನಂತರ ಕೋಣೆಯಲ್ಲಿದ್ದವರೆಲ್ಲ ಆ ತೆರೆದ ಫೋನಿನೊಳಗಿಂದ ಚಪ್ಪಲಿಗಳು ಓಡುವುದನ್ನು, ಕುರ್ಚಿಯೊಂದನ್ನು ಎಳೆಯುವುದನ್ನು, 'ಮೇಷ್ಟ್ರೇ, ಕಣ್ಣು ಬಿಡಿ, ನನ್ನ ನೋಡಿ' ಎಂಬ ಅತ್ತಿಗೆಯ ಮಾತನ್ನು ಕೇಳಿಸಿಕೊಂಡರು. ಡಾಕ್ಟರೊಬ್ಬರು ಏನೋ ಹೇಳಿದರು, ಯಂತ್ರ ಶುರುವಾದ ಸದ್ದು ಬಂತು, ಆ ಟಿಕ್‌ಟಿಕ್‌ಗಳ ನಡುವೆ ಇನ್ನೊಂದು ಟಿಕ್‌ಟಿಕ್. ನಿರ್ದೇಶಕರು ಕೈಚಾಚಿ ಫೋನನ್ನು ತಾವೇ ಆರಿಸಿದರು. ಆಮೇಲೆ ಅವರು ಗೋಡೆಯ ಮೇಲಿನ ನಕ್ಷೆಯ ಕಡೆ ಬೆರಳು ತೋರಿಸಿ, 'ಇದನ್ನ ತೆಗೀರಿ. ಅತಿಥಿ ಗಿತಿಥಿ ಏನೂ ಬೇಡ' ಎಂದರು.

ಅವಳು ಔಷಧಿ ಉಗ್ರಾಣ ಮತ್ತು ರಕ್ತನಿಧಿಯ ಹೆಸರುಗಳನ್ನು ಹೇಳಿದಳು. ಆಯ್ತಲ್ಲ ಅವಳ ಲ್ಯಾಪ್‌ಟಾಪಿನ ಮೇಲೆ ಬಾಗಿ ಓದಿದ, ಇನ್ನೊಂದು ಸಲ ಓದಿದ. 'ಪಾಸ್‌ವರ್ಡ್ ಅಂತ ನಾನು ಅಂದಿದ್ದು ತಪ್ಪಾಯ್ತು ಮೇಡಂ. ನಮ್ಮ ಕಡೆ ಇಂಥವು ಎಷ್ಟಿವೆಯೋ. ನೀವು ಬಂದು ಒಂದ್ಸಲ ನೋಡ್ತೀರಾ?' ಎಂದ. ಆ ಮಾತಿನ ಕೊನೆಗೆ ಅವನ ಎಂದಿನ ಪದ ಬರಲಿಲ್ಲ. ಬರದಂತೆ ತುಟಿ ಬಿಗಿಹಿಡಿದದ್ದು ಕಾಣುತ್ತಿತ್ತು.

'ಮಧ್ಯಾಹ್ನ ಬರ್ತೀನಿ ಸಾರ್. ಮೊದ್ಲು ವಾರ್ಡಿಗೆ ಹೋಗ್ಬೇಕು.'

ವಾರ್ಡಿನಲ್ಲಿ ಮೇಷ್ಟ್ರ ತೋಳಿನಿಂದ ಹೊರಟ ಕೊಳವೆಗಳಲ್ಲಿ ರಕ್ತ ಓಡುತ್ತಿತ್ತು. ಅವರು ಕಣ್ಣು ತೆರೆದು ಕನ್ನಡಕದ ಮೇಲಿನಿಂದ ಅವಳನ್ನು ನೋಡಿದರು, ತಡವಾಗಿ ತರಗತಿಗೆ ಬಂದವಳನ್ನು ನೋಡುವ ಹಾಗೆ. ಮೇಜಿನ ಹತ್ತಿರ ನರ್ಸುಗಳು ಗುಂಪಾಗಿ ನಿಂತು ಒಬ್ಬೊಬ್ಬರೇ ತಮ್ಮ ಹೆಸರಿನಲ್ಲಿ ಪುಟ ತೆರೆದು ನೋಡುತ್ತಿದ್ದರು. ನೋಡುವ ವರದಿ ಏನೂ ಇರದಿದ್ದವರೂ ತೆರೆದು ನೋಡುತ್ತಿದ್ದರು. ಅತ್ತಿಗೆ ಕೈ ತೊಳೆದುಕೊಂಡು ಒರೆಸುತ್ತ ಬಂದಳು. ಅವಳು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು, ತಪ್ಪು ಎಲ್ಲಿತ್ತು, ತಾನು ಕೊಟ್ಟ ಮಾತು ಹೇಗೆ ಸುಳ್ಳಾಯಿತು, ನಿಮ್ಮನ್ನು ಸುಮ್ಮನೆ ಜಗಳಕ್ಕೆ ಬಿಟ್ಟೆ ಎಂದು. ಅತ್ತಿಗೆ ಒಂದೊಂದೇ ಬೆರಳು ಒರೆಸಿಕೊಂಡಳು.

'ಜಗಳ ಆಡಿದ್ದು ವೇಸ್ಟೇನಲ್ಲ ಬಿಡು. ಆಡದಿದ್ರೆ ನೀನು ಹುಡುಕ್ತಿದ್ಯಾ?' ಎಂದಳು. ಆಮೇಲೆ ದನಿ ತಗ್ಗಿಸಿ, 'ಅದಿರ್ಲಿ. ಫೋನಲ್ಲಿ ನಾನು ಅಂದಿದ್ದು ಅಲ್ಲಿ ಯಾರಿಗಾದ್ರೂ ಕೇಳಿಸ್ತಾ?'

'ಎಲ್ಲರಿಗೂ.'

'ಅವನಿಗೂ?'

'ಫೋನು ಅವರ ಮೊಣಕೈ ಹತ್ರಾನೇ ಇತ್ತು ಅತ್ತಿಗೆ.'

ಅತ್ತಿಗೆ ಟವೆಲನ್ನು ಬಾಯಿಗೆ ಒತ್ತಿಕೊಂಡಳು. ಮಲಗಿದ ರೋಗಿಗಳಿಗೆ ಕೇಳಿಸಬಾರದೆಂದು ಸದ್ದಿಲ್ಲದೆ ನಕ್ಕಳು, ಭುಜಗಳು ಕುಣಿದವು, ಕಣ್ಣಲ್ಲಿ ನೀರು ಬಂತು. ಅವಳಿಗೂ ತಡೆಯಲಾಗಲಿಲ್ಲ. ಇಬ್ಬರೂ ಔಷಧಿ ಕಪಾಟಿಗೆ ಒರಗಿ ನಿಂತು ಪಕ್ಕೆ ನೋಯುವವರೆಗೆ ನಕ್ಕರು. 'ಹೋಗು ಹೋಗು, ಕೆಲಸ ಇದೆ ನನಗೆ' ಎಂದು ಅತ್ತಿಗೆ ಅವಳ ಬೆನ್ನಿಗೊಂದು ಹಾಕಿ ತಳ್ಳಿದಳು.

ಲಿಫ್ಟು ಬರುವವರೆಗೆ ಕಾಯುವ ತಾಳ್ಮೆ ಅವಳಲ್ಲಿರಲಿಲ್ಲ. ಮೆಟ್ಟಿಲು ಇಳಿಯತೊಡಗಿದಳು, ಮೊದಲು ಒಂದೊಂದಾಗಿ, ಆಮೇಲೆ ಎರಡೆರಡಾಗಿ, ನಲವತ್ತು ದಾಟಿದ ಮಂಡಿಗಳ ದೂರನ್ನು ಕಿವಿಗೆ ಹಾಕಿಕೊಳ್ಳದೆ, ಒಂದು ಕೈ ಕಂಬಿಯ ಮೇಲೆ, ಇನ್ನೊಂದರಲ್ಲಿ ಲ್ಯಾಪ್‌ಟಾಪು. ಶಾಲು ಹೆಗಲಿನಿಂದ ಜಾರಿ ಮೆಟ್ಟಿಲ ಮೇಲೆ ಬಿದ್ದದ್ದು ತಿಳಿಯಿತು. ಹತ್ತಿ ಬರುತ್ತಿದ್ದವರು ಏನೋ ಅನಾಹುತವಾಗಿದೆಯೆಂದು ಗೋಡೆಗೆ ಸರಿದು ದಾರಿ ಬಿಟ್ಟರು. 'ಏನಾಯ್ತು ಮೇಡಂ?' ಎಂದು ಯಾರೋ ಕೂಗಿ ಕೇಳಿದರು. ಅವಳು ನಿಲ್ಲಲಿಲ್ಲ. 'ತೆರೀತು' ಎಂದಷ್ಟೇ ಹೇಳಿ, ಕೊನೆಯ ಮೂರು ಮೆಟ್ಟಿಲುಗಳನ್ನು ಒಟ್ಟಿಗೆ ಹಾರಿದಳು.